ಲೋಡ್ ಮೇಲೆ ನೋಡಿದ್ರಾ?

ಬೆಳಗ್ಗೆ ಆರೂವರೆಗೆ ಫೋನ್ ಬಡಿದುಕೊಂಡರೆ ಅದು ಹರಿಹರದ ಭಾವನದೇ ಎಂದು ನೋಡದೆಯೇ ಗೊತ್ತಾಗುತ್ತಿತ್ತು. "ಮತ್ತೆ ನಿಂತೈತಿ ನೋಡಪ್ಪ ನಿನ್ನ ಬೋರ್ಡು." 2019ರ ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನ ತನಕ ಈ ಮಾತು ಕೇಳಿದ್ದು ಹದಿನಾಲ್ಕು ಸಲ.

ಭಾವನದು ಮೆಕ್ಕೆಜೋಳದ ವ್ಯಾಪಾರ. ನಮ್ಮ ಸೀಮೆಯಲ್ಲಿ ಮಳೆಗಾಲದ ಜೋಳ ಕಟಾವಾಗಿ ಬರುವ ಹೊತ್ತಿಗೆ ಬೆಲೆ ಕುಸಿದಿರುತ್ತದೆ. ಹಿಡಿದಿಟ್ಟುಕೊಳ್ಳುವ ಶಕ್ತಿ ಇದ್ದವರು ಬೇಸಿಗೆವರೆಗೆ ಕಾಯುತ್ತಾರೆ. ಆದರೆ ಕಾಳಿನ ತೇವ ನೂರಕ್ಕೆ 14ರ ಆಸುಪಾಸಿಗಿಂತ ಮೇಲಿದ್ದರೆ ಒಟ್ಟಿದ ಚೀಲಗಳ ಒಳಗೆ ಬಿಸಿ ಏರುತ್ತದೆ, ಬೂಷ್ಟು ಹಿಡಿಯುತ್ತದೆ. ಹೊರಗೆ ವಾಸನೆ ಬರುವಷ್ಟರಲ್ಲಿ ಒಳಗಿನ ಹತ್ತು ಚೀಲ ಹೋಗಿರುತ್ತವೆ. ಹಿಂದಿನ ವರ್ಷ ಭಾವನಿಗೆ ಹಾಗೆಯೇ ಆಗಿತ್ತು. ಆ ಬಿಸಿಯನ್ನು ಮೊದಲೇ ಹಿಡಿಯೋಣ ಎಂದು ನಾನೇ ಮುಂದಾಗಿ ಒಪ್ಪಿಕೊಂಡೆ: ಒಂದು ರಾಸ್ಪ್‌ಬೆರಿ ಪೈ 3ಬಿ ಪ್ಲಸ್ ಬೋರ್ಡು, ಚೀಲಗಳ ನಡುವೆ ಇಳಿಬಿಟ್ಟ ಐದು ಡಿಎಸ್18ಬಿ20 ಸೆನ್ಸರ್‌ಗಳು, ಗಂಟೆಗೊಮ್ಮೆ ಲೆಕ್ಕ ಕಳಿಸಲು ಒಂದು 4ಜಿ ಡಾಂಗಲ್.

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನ ಮೇಜಿನ ಮೇಲೆ ಇಪ್ಪತ್ತು ದಿನ ಅದು ಒಮ್ಮೆಯೂ ನಿಲ್ಲಲಿಲ್ಲ. ಹರಿಹರಕ್ಕೆ ಒಯ್ದು ಗೋದಾಮಿನ ಗೋಡೆಗೆ ತಗಲಿಸಿದ ಮೂರನೇ ದಿನ ನಿಂತಿತು. ನಡುವಿನ ದಾರಿ 14 ಕಿಲೋಮೀಟರ್. ಆ ದಾರಿಯಲ್ಲಿ ಏನು ಬದಲಾಯಿತು ಎಂದು ನಾನು ಅವತ್ತೇ ಕೂತು ಪಟ್ಟಿ ಮಾಡಬೇಕಿತ್ತು. ಮಾಡಲಿಲ್ಲ.

ಮೊದಲ ಅನುಮಾನ ಮೆಮೊರಿ ಕಾರ್ಡಿನ ಮೇಲೆ ಹೋಯಿತು. ಇಂಥ ಬೋರ್ಡುಗಳಲ್ಲಿ ಹಾಳಾಗುವುದು ಕಾರ್ಡೇ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಹೊಸ ಕಾರ್ಡು ಹಾಕಿದೆ, ಐದೇ ದಿನಕ್ಕೆ ನಿಂತಿತು. ಆಮೇಲೆ ಬಿಸಿಲು. ಮಾರ್ಚ್‌ನಲ್ಲಿ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ನಿಲ್ಲುವುದೇ ಕಷ್ಟ. ಚಿಪ್ಪಿನ ಕಾವೇ ಕಾರಣ ಇರಬೇಕು ಅನ್ನಿಸಿತು. ಅಳೆದರೆ 62 ಡಿಗ್ರಿ. ಬೋರ್ಡು ತನ್ನ ವೇಗವನ್ನು ನಿಜಕ್ಕೂ ಹಿಡಿದು ನಿಲ್ಲಿಸುವುದು 80 ದಾಟಿದ ಮೇಲೆ. ಆದರೂ ಒಂದು ಫ್ಯಾನು ಕೂರಿಸಿದೆ. ಅದೇ ದಿನ ಮೂರನೇ ಕಾರ್ಡು ಹಾಕಿದೆ, ಅದರ ಮೇಲೆ ಆಪರೇಟಿಂಗ್ ಸಿಸ್ಟಮ್ಮನ್ನೂ ಹೊಸದಾಗಿ ಇಳಿಸಿದೆ. ಮೂರು ಕೆಲಸ ಒಂದೇ ಮಧ್ಯಾಹ್ನ.

ಒಂಬತ್ತು ದಿನ ನಿಲ್ಲಲಿಲ್ಲ. ರೋಗ ವಾಸಿಯಾಯಿತು ಎಂದುಕೊಂಡೆ. ಯಾವ ಔಷಧಿಯಿಂದ ಎಂದು ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ.

ಆ ಒಂಬತ್ತು ದಿನ ಲೆಕ್ಕವೂ ಬರುತ್ತಿರಲಿಲ್ಲ. ಡಾಂಗಲಿನ ರೀಚಾರ್ಜ್ ಮುಗಿದಿತ್ತು, ಪರೀಕ್ಷೆಗಳ ಗಡಿಬಿಡಿಯಲ್ಲಿ ನಾನು ಅದನ್ನು ಮುಂದೂಡಿದ್ದೆ. ಭಾವ ಫೋನಿನಲ್ಲಿ "ಲೈಟು ಉರೀತೈತಿ" ಅಂದರೆ ನನಗೆ ಅಷ್ಟೇ ಸಾಕಾಗುತ್ತಿತ್ತು. ಹತ್ತನೇ ದಿನ ರೀಚಾರ್ಜ್ ಮಾಡಿಸಿದೆ. ಮರುದಿನ ಬೆಳಗ್ಗೆ ಆರೂವರೆಗೆ ಫೋನು.

ಅವತ್ತು ಬಸ್ಸು ದೊಡ್ಡಬಾತಿ ದಾಟುತ್ತಿದ್ದಾಗ ನನಗೆ ಇದು ಹೊಳೆಯಿತು. ಡಾಂಗಲ್ ಸುಮ್ಮನಿದ್ದಾಗ ಬೋರ್ಡೂ ನೆಟ್ಟಗೆ ಓಡಿತ್ತು. ಡಾಂಗಲ್ ಕೆಲಸಕ್ಕಿಳಿದ ಕೂಡಲೇ ಬೋರ್ಡು ನಿಂತಿತ್ತು. ದಾರಿಯಲ್ಲೇ ಒಂದು ನೋಟ್‌ಬುಕ್ ಕೊಂಡು ನಿಂತ ದಿನ, ಗಂಟೆ, ಹಿಂದಿನ ಸಲ ಏನು ಬದಲಾಯಿಸಿದ್ದೆ ಎಂಬುದನ್ನೆಲ್ಲ ನೆನಪಿನಿಂದಲೂ ಫೋನಿನ ಕರೆಪಟ್ಟಿಯಿಂದಲೂ ತುಂಬಿಸಿದೆ. ಮೊದಲ ದಿನವೇ ಆ ಪುಸ್ತಕ ಇದ್ದಿದ್ದರೆ ಎರಡು ಕಾರ್ಡಿನ ದುಡ್ಡೂ ಒಂದು ತಿಂಗಳೂ ಉಳಿಯುತ್ತಿದ್ದವು.

ಇಷ್ಟಾದರೂ ಕರೆಂಟಿನ ಕೊರತೆ ಇರಲಾರದು ಎಂದೇ ನಾನು ನಂಬಿದ್ದೆ, ಅದಕ್ಕೊಂದು ಕಾರಣವೂ ಇತ್ತು. ಈ ಬೋರ್ಡಿಗೆ ಬರುವ 5 ವೋಲ್ಟು 4.63ಕ್ಕಿಂತ ಕೆಳಗಿಳಿದರೆ ಅದು ತನ್ನೊಳಗೆ ಗುರುತು ಮಾಡಿಕೊಳ್ಳುತ್ತದೆ, ಒಂದು ಆಜ್ಞೆ ಕೊಟ್ಟು ಆ ಗುರುತನ್ನು ಓದಬಹುದು. ನಾನು ಪ್ರತಿ ಸಲವೂ ಓದಿದ್ದೆ, ಪ್ರತಿ ಸಲವೂ ಸೊನ್ನೆ ಬಂದಿತ್ತು. ಆದರೆ ಆ ಗುರುತು ಬೋರ್ಡು ಮತ್ತೆ ಶುರುವಾದಾಗ ಅಳಿಸಿಹೋಗುತ್ತದೆ. ಭಾವ ಸ್ವಿಚ್ ಆರಿಸಿ ಹಾಕಿದ ಮೇಲೆಯೇ ನಾನು ನೋಡುತ್ತಿದ್ದುದು. ಸಾಕ್ಷಿಯನ್ನು ನಾವೇ ತೊಳೆದು, ಸಾಕ್ಷಿ ಇಲ್ಲ ಎಂದು ಬರೆದುಕೊಳ್ಳುತ್ತಿದ್ದೆವು. ಆ ಗುರುತನ್ನು ನಿಮಿಷಕ್ಕೊಮ್ಮೆ ಕಾರ್ಡಿಗೆ ಬರೆದಿಡುವ ನಾಲ್ಕು ಸಾಲಿನ ಪ್ರೋಗ್ರಾಂ ಹಾಕಿ ಬಂದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಮುಂದಿನ ಸಲ ನಿಂತಾಗ ಕೊನೆಯ ಸಾಲುಗಳಲ್ಲಿ ಸೊನ್ನೆ ಇರಲಿಲ್ಲ, 50005 ಇತ್ತು. ಅದರ ಅರ್ಥ: ವೋಲ್ಟೇಜು ಹಿಂದೆಯೂ ಇಳಿದಿದೆ, ಈ ಗಳಿಗೆಯಲ್ಲೂ ಇಳಿದೇ ಇದೆ.

ಇದಕ್ಕಿಂತ ಮುಂಚೆಯೇ ಭಾವ ಹೇಳಿದ್ದ ಮಾತೊಂದಿದೆ, ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. "ಕೆಂಪು ಲೈಟು ಆಗಾಗ ಕಣ್ಣು ಮಿಟುಕಿಸ್ತೈತಿ" ಎಂದಿದ್ದ. ಅದು ಹಸಿರು ಲೈಟಿರಬೇಕು, ಕಾರ್ಡು ಓದುವಾಗ ಹಾಗೆಯೇ ಎಂದು ನಾನು ಮಾತು ಮುಗಿಸಿದ್ದೆ. ಈ ಬೋರ್ಡಿನಲ್ಲಿ ಕೆಂಪು ಲೈಟು ಆರುವುದು ವೋಲ್ಟೇಜು ಆ 4.63ರ ಕೆಳಗೆ ಹೋದಾಗ. ಯಂತ್ರದ ಎದುರು ದಿನವಿಡೀ ಕೂತವನು ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದ.

ಮಲ್ಟಿಮೀಟರ್ ಹಿಡಿದು ಹೋದೆ. ಚಾರ್ಜರಿನ ತುದಿಯಲ್ಲಿ 5.12. ಬೋರ್ಡಿನ ಪಿನ್ನುಗಳಲ್ಲಿ 4.79. ಕಡಿಮೆ, ಆದರೆ ಗೆರೆಗಿಂತ ಮೇಲೆಯೇ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಪಕ್ಕದ ಲೇತ್ ಅಂಗಡಿಯ ಹಿರಿಯರು ಬಂದು ನಿಂತರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಹುಟ್ಟಿದ ಆ ಕಾರ್ಖಾನೆ ಹರಿಹರದ ಹೆಸರನ್ನು ದೇಶದ ವರ್ಕ್‌ಶಾಪುಗಳಿಗೆಲ್ಲ ಲೇತುಗಳ ಮೇಲೆ ಹೊತ್ತು ಒಯ್ದಿತ್ತು. ಬಾಗಿಲು ಮುಚ್ಚಿ ಎಷ್ಟೋ ವರ್ಷವಾದರೂ ಊರಿನ ಸಣ್ಣ ಶೆಡ್ಡುಗಳಲ್ಲಿ ಅಲ್ಲಿ ಕಲಿತ ಕೈಗಳು ಇನ್ನೂ ಇವೆ. ಅವರು ಮೀಟರನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಲೋಡ್ ಮೇಲೆ ನೋಡಿದ್ರಾ?" ಲೇತು ನಡುಗಿದರೆ ಜನ ಮೊದಲು ಟೂಲ್ ಬದಲಾಯಿಸುತ್ತಾರಂತೆ, ಆಮೇಲೆ ಬೇರಿಂಗು. ಖಾಲಿ ತಿರುಗುವ ಲೇತಿಗೆ ಡಯಲ್ ಗೇಜ್ ಹಿಡಿದರೆ ಮುಳ್ಳು ಅಲ್ಲಾಡುವುದೇ ಇಲ್ಲ. ಜಾಬ್ ಕಚ್ಚಿಸಿ, ಕಟ್ ಕೊಟ್ಟು ನೋಡಬೇಕು. ಆಗ ತಳಪಾಯದ ಬೋಲ್ಟು ಸಡಿಲವೋ ಬಿಗಿಯೋ ಗೊತ್ತಾಗುತ್ತದೆ.

ಮೀಟರನ್ನು ಕನಿಷ್ಠ ಬೆಲೆ ಹಿಡಿದಿಡುವ ಸ್ಥಾನಕ್ಕೆ ತಿರುಗಿಸಿ, ಡಾಂಗಲಿಗೆ ಕಳಿಸುವ ಕೆಲಸ ಕೊಟ್ಟೆ. 4.41.

ದಾವಣಗೆರೆಯಿಂದ ಬರುವಾಗ ಬೋರ್ಡಿನ ಸ್ವಂತ ಅಡಾಪ್ಟರನ್ನು ಮನೆಯ ಇನ್ನೊಂದು ಬೋರ್ಡಿಗೆಂದು ಬಿಟ್ಟು ಬಂದಿದ್ದೆ. ಇಲ್ಲಿ ಹಾಕಿದ್ದು ಫೋನಿನ ಚಾರ್ಜರು, ಒಂದೂವರೆ ಮೀಟರಿನ ತೆಳು ಕೇಬಲ್ಲು. ಚಾರ್ಜರಿನ ತಪ್ಪು ಏನೂ ಇರಲಿಲ್ಲ, ಅದು ಕೊಡಬೇಕಾದ್ದನ್ನು ಕೊಡುತ್ತಿತ್ತು. ಅಂಥ ಕೇಬಲ್ಲಿನ ಒಳಗಿನ ತಾಮ್ರ ಕೂದಲೆಳೆಯಂತಿರುತ್ತದೆ. 28 ಗೇಜಿನ ತಂತಿಗೆ ಮೀಟರಿಗೆ ಸುಮಾರು 0.21 ಓಮ್. ಹೋಗುವ ದಾರಿ, ಬರುವ ದಾರಿ ಸೇರಿ ಮೂರು ಮೀಟರು, ಅಂದರೆ 0.64 ಓಮ್. ಅರ್ಧ ಆಂಪಿಯರ್ ಹರಿದರೆ 0.32 ವೋಲ್ಟು ದಾರಿಯಲ್ಲೇ ಖರ್ಚು, 1.1 ಹರಿದರೆ 0.7. ಮೀಟರು ತೋರಿಸಿದ್ದು ಇದನ್ನೇ. ಫೋನಾಗಿದ್ದರೆ ಸ್ವಲ್ಪ ನಿಧಾನಕ್ಕೆ ಚಾರ್ಜಾಗಿ ಸುಮ್ಮನಿರುತ್ತಿತ್ತು, ಅದಕ್ಕೆ ಬ್ಯಾಟರಿಯ ಆಸರೆ ಇದೆ. ಬೋರ್ಡಿಗೆ ಆಸರೆ ಇಲ್ಲ. ಮನೆಯ ಅಡಾಪ್ಟರಿನ ಕೇಬಲ್ಲೂ ಒಂದೂವರೆ ಮೀಟರೇ, ಆದರೆ 18 ಗೇಜಿನದು. ತಡೆ ಹತ್ತರಲ್ಲಿ ಒಂದು ಪಾಲು. ಓಮನ ನಿಯಮವನ್ನು ಕಾಲೇಜಿನಲ್ಲಿ ಪ್ರತಿ ವರ್ಷ ಕಲಿಸುವವನು ನಾನು. ಕೇಬಲ್ಲನ್ನು ಒಂದು ರೆಸಿಸ್ಟರ್ ಎಂದು ನೋಡುವುದು ನನಗೆ ಹೊಳೆದಿರಲಿಲ್ಲ.

ಮನೆಯ ಅಡಾಪ್ಟರನ್ನು ತಂದು ಹಾಕಿದೆ. ಪ್ಲಗ್ಗು ದೂರವಿದ್ದುದರಿಂದ ಈ ಸಲ ಉದ್ದ ಮಾಡಿದ್ದು 230 ವೋಲ್ಟಿನ ಬದಿಯನ್ನು. 5ರಲ್ಲಿ ಅರ್ಧ ವೋಲ್ಟು ಹೋದರೆ ಹತ್ತರಲ್ಲೊಂದು ಪಾಲು ಹೋದ ಹಾಗೆ, 230ರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಹದಿನೈದು ದಿನ ಕಾದೆ. ಸರಾಸರಿ ಮೂರು ದಿನಕ್ಕೊಮ್ಮೆ ನಿಲ್ಲುವ ಯಂತ್ರ ಬರೀ ಅದೃಷ್ಟದಿಂದ ಒಂಬತ್ತು ದಿನ ಓಡುವ ಸಾಧ್ಯತೆ ಇಪ್ಪತ್ತರಲ್ಲಿ ಒಂದು. ಹದಿನೈದು ದಿನವಾದರೆ ನೂರೈವತ್ತರಲ್ಲಿ ಒಂದು. ಅಷ್ಟೂ ದಿನ ಒಮ್ಮೆಯೂ ನಿಲ್ಲಲಿಲ್ಲ.

ಆಮೇಲೆ ಮಾಡಿದ ಕೆಲಸಕ್ಕೆ ಭಾವ ಸಿಟ್ಟಾದ. ಹಳೆಯ ಚಾರ್ಜರು, ಹಳೆಯ ಕೇಬಲ್ಲನ್ನು ಮತ್ತೆ ಹಾಕಿದೆ. "ಸರಿ ಆಗಿದ್ದನ್ನ ಯಾಕೆ ಕೆಡಿಸ್ತೀಯ?" ಎರಡನೇ ದಿನ ನಿಂತಿತು. ನಾನು ಹುಡುಕುತ್ತಿದ್ದುದು ಅದನ್ನೇ. ದೋಷವನ್ನು ಬೇಕೆಂದಾಗ ಕರೆಸಿ, ಬೇಕೆಂದಾಗ ಕಳಿಸಲು ಬಂದರೆ ಮಾತ್ರ ಅದನ್ನು ಹಿಡಿದೆ ಎನ್ನಬಹುದು. ನಿಂತರೆ ತಾನೇ ಎದ್ದುಕೊಳ್ಳುವ ವಾಚ್‌ಡಾಗ್ ವ್ಯವಸ್ಥೆ ಈ ಬೋರ್ಡಿನಲ್ಲೇ ಇದೆ, ಅದನ್ನು ಹಾಕಿ ನಿಶ್ಚಿಂತೆಯಾಗಿರು ಎಂದು ಗೆಳೆಯರು ಹೇಳಿದ್ದರು. ಮೊದಲೇ ಹಾಕಿದ್ದರೆ ದಿನಕ್ಕೆ ಹತ್ತು ಸಲ ಬಿದ್ದು ಎದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಎಲ್ಲ ಸರಿಯಾದ ಮೇಲೆ ಹಾಕಿದೆ. ಹಾಳೆಂದು ಎತ್ತಿಟ್ಟಿದ್ದ ಎರಡು ಕಾರ್ಡುಗಳನ್ನು ಪೂರ್ತಿ ತುಂಬಿಸಿ ಮತ್ತೆ ಓದಿಸಿದೆ. ಎರಡೂ ಚೆನ್ನಾಗಿದ್ದವು.

ಒಂದು ಉಳಿದಿತ್ತು. ಲೆಕ್ಕದ ನಡುವೆ ಅಪರೂಪಕ್ಕೊಮ್ಮೆ 85.0 ಡಿಗ್ರಿ ಎಂದು ಬರುತ್ತಿತ್ತು, ಯಾವಾಗಲೂ ಮೂರನೇ ಸೆನ್ಸರಿನಿಂದ. ಜೋಳ 85 ಡಿಗ್ರಿಗೆ ಏರಿ ಮರುನಿಮಿಷವೇ ಇಳಿಯುವುದಿಲ್ಲ. ಡಿಎಸ್18ಬಿ20ಗೆ ಕರೆಂಟು ತಪ್ಪಿ ಮತ್ತೆ ಬಂದಾಗ, ಹೊಸದಾಗಿ ಅಳೆಯುವ ಮೊದಲು ಅದರ ಹೊಟ್ಟೆಯಲ್ಲಿರುವ ಸಂಖ್ಯೆ ಅದು. ಆ ಸೆನ್ಸರಿನ ವೈರು ಜೋಳ ಕೇರುವ ಯಂತ್ರದ ಮೋಟಾರಿನ ವೈರಿನ ಜೊತೆಗೇ ಓಡುತ್ತಿತ್ತು. ಮೋಟಾರು ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸೆನ್ಸರಿನ ವೈರನ್ನು ಎದುರು ಗೋಡೆಗೆ ಸರಿಸಿ, ತುದಿಯಲ್ಲೊಂದು ಸಣ್ಣ ಕೆಪಾಸಿಟರ್ ಬೆಸೆದೆ. 85 ಮತ್ತೆ ಬರಲಿಲ್ಲ.

ಮೇ ಮೊದಲ ವಾರ. ನಾಲ್ಕು ಸೆನ್ಸರುಗಳು 35ರ ಆಸುಪಾಸಿನಲ್ಲಿದ್ದವು, ಅದೇ ಮೂರನೆಯದು ಮಾತ್ರ ಆರು ದಿನಗಳಲ್ಲಿ ಮೆಲ್ಲಗೆ 41ಕ್ಕೆ ಏರಿತ್ತು. ಭಾವನಿಗೆ ಫೋನು ಮಾಡಿದೆ. "ಇದು ಜೋಳದ್ದೋ, ಮತ್ತೆ ವೈರಿಂದೋ?" ಎಂದು ಕೇಳಿದ. ಸಂಜೆ ಹೋದೆ. ಹಮಾಲರು ಮೇಲಿನ ಎರಡು ವರಸೆ ಚೀಲ ಇಳಿಸಿದರು. ಭಾವ ಮೂರನೇ ವರಸೆಯ ಒಂದು ಚೀಲದ ಹೊಲಿಗೆ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ. ಕೈ ಹೊರಗೆ ತೆಗೆದಾಗ ಬೆರಳಿಗೆ ಅಂಟಿದ ನಾಲ್ಕು ಕಾಳಿನ ಮೂತಿಯಲ್ಲಿ ಬಿಳಿ ಬೂಷ್ಟು ಆಗಷ್ಟೇ ಹುಟ್ಟುತ್ತಿತ್ತು.

"ಜೋಳದ್ದೇ" ಎಂದ, ಮತ್ತು ಪಕ್ಕದ ಚೀಲ ಎಳೆಯಲು ಹಮಾಲರಿಗೆ ಕೈ ಮಾಡಿದ.