ಘಾತಾಂಕ ಯಾರ ತಲೆ ಮೇಲಿದೆ? ನೋಡಿ ಲೆಕ್ಕ ಮಾಡಿ



ಕಳೆದ ಕಿರುಪರೀಕ್ಷೆಯಲ್ಲಿ 2 × 3² ಇದರ ಬೆಲೆ ಕೇಳಿದ್ದರು. ನಮ್ಮಲ್ಲಿ ಸುಮಾರು ಜನ 36 ಅಂತ ಬರೆದಿದ್ದೆವು. ನಾನೂ ಅದೇ ಗುಂಪು! ಸರಿಯಾದ ಉತ್ತರ 18. ಯಾಕೆ ಅಂತ ನೋಡೋಣ.

3² ಎಂದರೆ 3 × 3. ಇಲ್ಲಿ 3 ಆಧಾರ ಸಂಖ್ಯೆ, ಮೇಲಿರುವ ಪುಟ್ಟ 2 ಘಾತಾಂಕ. ಹೀಗೆ ಅಂಕಿಯನ್ನು ಮೇಲೆ ಚಿಕ್ಕದಾಗಿ ಬರೆಯುವ ಕ್ರಮವನ್ನು ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ತನ್ನ ಜ್ಯಾಮಿತಿ ಪುಸ್ತಕದಲ್ಲಿ ಬಳಸಿದ. ಮುಂದೆ ಅದೇ ರೂಢಿಗೆ ಬಂತು.

ಬುಟ್ಟಿ ಯಾರ ತಲೆ ಮೇಲಿದೆಯೋ ಅವರಿಗೇ ಭಾರ, ಪಕ್ಕದಲ್ಲಿ ನಡೆಯುವವರಿಗೆ ಅಲ್ಲ. ಹಾಗೇ ಘಾತಾಂಕ ತಾನು ಕೂತಿರುವ ಸಂಖ್ಯೆಗೆ ಮಾತ್ರ ಸೇರಿದ್ದು. 3 ಮೀಟರ್ ಬದಿಯ ಚೌಕದ ಮಡಿ ಎರಡು ಇದ್ದರೆ 2 × 3² = 18 ಚದರ ಮೀಟರ್. (2 × 3)² ಅಂದರೆ 6 ಮೀಟರ್ ಬದಿಯ ಒಂದೇ ದೊಡ್ಡ ಮಡಿ, 36 ಚದರ ಮೀಟರ್. ಎರಡೂ ಒಂದೇ ಅಲ್ಲ.

ನೆನಪಿಡಬೇಕಾದ ಕ್ರಮ:
1. ಮೊದಲು ಆವರಣದ ಒಳಗಿನದು
2. ಆಮೇಲೆ ಘಾತಾಂಕ
3. ಆಮೇಲೆ ಗುಣಾಕಾರ, ಭಾಗಾಕಾರ (ಎಡದಿಂದ ಬಲಕ್ಕೆ)
4. ಕೊನೆಗೆ ಕೂಡುವುದು, ಕಳೆಯುವುದು (ಎಡದಿಂದ ಬಲಕ್ಕೆ)

ಉದಾಹರಣೆ:
20 − 2 × (5 − 2)² + 12 ÷ 4
= 20 − 2 × 3² + 12 ÷ 4
= 20 − 2 × 9 + 12 ÷ 4
= 20 − 18 + 3
= 2 + 3
= 5

ಎಚ್ಚರಿಕೆ! ಕೊನೆಯಲ್ಲಿ 18 + 3 ಮೊದಲು ಕೂಡಿಬಿಟ್ಟರೆ −1 ಬರುತ್ತೆ. ಅದು ತಪ್ಪು.

ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಗುತ್ತೆ, ಅಷ್ಟೇ. ಮನೆ ಲೆಕ್ಕದಲ್ಲಿ ತಪ್ಪಿದರೆ? ನಮ್ಮ ಅಪ್ಪ 10,000 ರೂಪಾಯಿ ಸಾಲ ತಂದಿದ್ದರು. ವರ್ಷಕ್ಕೆ ಶೇಕಡ 10 ಚಕ್ರಬಡ್ಡಿ, 2 ವರ್ಷ. ಕಡಲೆಕಾಯಿ ಮಾರಿದ ದುಡ್ಡಲ್ಲಿ ಎಷ್ಟು ತೆಗೆದಿಡಬೇಕು ಅಂತ ನನ್ನನ್ನು ಕೇಳಿದರು. ನಾನು ಜಂಬದಿಂದ ಸೂತ್ರ ಬರೆದೆ:

10000 × (1 + 1/10)²

ಆವರಣದ ಒಳಗೆ ಮೊದಲು ಕೂಡದೆ, 1/10ಕ್ಕೆ ಮಾತ್ರ ವರ್ಗ ಮಾಡಿದೆ. 1 + 1/100 ಆಯ್ತು. ಉತ್ತರ 10,100 ಅಂದೆ. ಅಪ್ಪನಿಗೆ ಓದು ಬರಲ್ಲ. ಆದರೂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ವರ್ಷಕ್ಕೇ ಸಾವಿರ ಬಡ್ಡಿ ಆಗುತ್ತಲ್ಲ ಮಗಾ, ಎರಡು ವರ್ಷಕ್ಕೆ ನೂರು ಹೆಂಗಾಯ್ತು?" ಅಂದರು. ನನಗೆ ನಾಚಿಕೆ ಆಯ್ತು. ಬೆಳಿಗ್ಗೆ ಬಂದು ಗಣಿತದ ಮೇಷ್ಟ್ರನ್ನು ಕೇಳಿದೆ. ಘಾತಾಂಕ ಇರೋದು ಇಡೀ ಆವರಣದ ತಲೆ ಮೇಲೆ ಅಂತ ತೋರಿಸಿದರು:

10000 × (11/10)²
= 10000 × 121/100
= 12,100

ಅಪ್ಪ ನನ್ನ ಮಾತು ನಂಬಿ ಉಳಿದ ದುಡ್ಡು ಖರ್ಚು ಮಾಡಿದ್ದರೆ 2,000 ರೂಪಾಯಿ ಕಮ್ಮಿ ಬೀಳುತ್ತಿತ್ತು. ಅದಕ್ಕೇ ಹೇಳೋದು, ಉತ್ತರ ಬಂದ ಮೇಲೆ "ಇದು ಆಗೋ ಮಾತಾ?" ಅಂತ ಒಮ್ಮೆ ಕೇಳಿಕೊಳ್ಳಿ.

ನೀವೇ ಮಾಡಿ ನೋಡಿ:
1) 3 + 4² × 2
2) (3 + 4)² − 2³
3) −3² ಮತ್ತು (−3)². ಎರಡೂ ಒಂದೇನಾ?

ಉತ್ತರ: 1) 35  2) 41  3) ಒಂದೇ ಅಲ್ಲ. ಮೊದಲನೆಯದು −9, ಎರಡನೆಯದು 9. ಯಾಕೆ ಅಂತ ಬುಟ್ಟಿ ನೆನೆಸಿಕೊಂಡು ಯೋಚಿಸಿ.

– 8ನೇ ತರಗತಿ ವಿದ್ಯಾರ್ಥಿ