ಏಳು ಮಣ್ಣಿನ ಬಿಲ್ಲೆಗಳು: ವ್ಯತ್ಯಾಸ ದೋಷವಾಗುವುದು ಯಾವಾಗ?

ಏಳನೇ ತರಗತಿಯ ‘ದತ್ತಾಂಶಗಳ ನಿರ್ವಹಣೆ’ ಘಟಕದಲ್ಲಿ ಮಕ್ಕಳು ಸರಾಸರಿಯನ್ನು ಬೇಗ ಲೆಕ್ಕ ಹಾಕುತ್ತಾರೆ. ವ್ಯಾಪ್ತಿ ಏಕೆ ಬೇಕು ಎಂಬುದು ಮಾತ್ರ ಅವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಯಲಹಂಕದ ಸರ್ಕಾರಿ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ಎರಡು ಅವಧಿಗಳಲ್ಲಿ ಇದನ್ನು ಆಟದ ಬಿಲ್ಲೆಗಳ ಮೂಲಕ ಕಲಿಸಿದೆ. ಬೆನ್ಸನ್ ಟೌನ್ ಬಳಿಯ ಪಾಟರಿ ಟೌನ್‌ನಿಂದ ಹದ ಮಾಡಿದ ಮಣ್ಣು ತಂದಿದ್ದೆ.

ಮೊದಲ ಅವಧಿ

ಪ್ರತಿ ಗುಂಪಿಗೂ 105 ಗ್ರಾಂ ಮಣ್ಣು ಕೊಟ್ಟು, ಕಣ್ಣಳತೆಯಲ್ಲೇ ಏಳು ಬಿಲ್ಲೆ ತಟ್ಟಲು ಹೇಳಿದೆ. ಒಂದು ಗುಂಪಿನ ಬಿಲ್ಲೆಗಳ ತೂಕ 11, 18, 14, 16, 13, 19, 14 ಗ್ರಾಂ ಬಂತು. ಅದೇ ಮಣ್ಣನ್ನು ಮತ್ತೆ ಕಲಸಿ, ಉದ್ದಕ್ಕೆ ಹೊಸೆದು, ಸ್ಕೇಲಿನಿಂದ ಗುರುತು ಹಾಕಿ ಕತ್ತರಿಸಿದಾಗ 15, 14, 16, 15, 15, 16, 14 ಗ್ರಾಂ ಬಂತು. ಎರಡು ಸಲವೂ ಸರಾಸರಿ 15. ವ್ಯಾಪ್ತಿ ಮಾತ್ರ 8ರಿಂದ 2ಕ್ಕೆ ಇಳಿಯಿತು. “ಸರಾಸರಿ ನೋಡಿದ್ರೆ ಏನೂ ಗೊತ್ತಾಗಲ್ಲ ಮಿಸ್” ಎಂದು ಒಬ್ಬ ಹುಡುಗ ಹೇಳಿದ. ಕಪ್ಪುಹಲಗೆಯ ಮೇಲೆ ನಾನು ಬರೆಯಬೇಕೆಂದಿದ್ದ ವಾಕ್ಯವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಒಣಗಿದ ಮೇಲೆ

ನೆರಳಿನಲ್ಲಿ ಒಂದು ವಾರ ಒಣಗಿಸಿ, ಕುಂಬಾರರೊಬ್ಬರ ಆವಿಗೆಯಲ್ಲಿ ಸುಡಿಸಿ ತಂದೆ. ಕೆಲವು ಬಿಲ್ಲೆಗಳು ಡೊಂಕಾಗಿದ್ದವು, ಕೆಲವು ಸೀಳಿದ್ದವು, ಕೆಲವಕ್ಕೆ ಕಪ್ಪು ಕಲೆ ಬಿದ್ದಿತ್ತು. ಕಾರಣಗಳನ್ನು ಚರ್ಚಿಸಿದೆವು. ನೀರು ಆರಿದಂತೆ ಮಣ್ಣು ಕುಗ್ಗುತ್ತದೆ. ಅಂಚು ನಡುಭಾಗಕ್ಕಿಂತ ಬೇಗ ಒಣಗಿದರೆ ಬಿಲ್ಲೆ ಬಾಗುತ್ತದೆ ಅಥವಾ ಸೀಳುತ್ತದೆ. ಗಾಳಿ ಚೆನ್ನಾಗಿ ಆಡಿದ ಕಡೆ ಮಣ್ಣಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಹೊಗೆ ಕವಿದು ಗಾಳಿ ಸಾಲದ ಕಡೆ ಕಪ್ಪಾಗುತ್ತದೆ.

ಎರಡನೇ ಅವಧಿ

ಅತ್ಯಂತ ಅಂದವಾದ ಬಿಲ್ಲೆಗೆ ಅಂಕ ಕೊಡಬಹುದೆಂದು ಮಾರ್ಗದರ್ಶಕ ಶಿಕ್ಷಕರು ಸೂಚಿಸಿದರು. ಅಂಕದ ವಿಚಾರವನ್ನು ಪಾಠದ ಕೊನೆಗೆ ಇಟ್ಟುಕೊಳ್ಳೋಣವೆಂದು ಕೇಳಿಕೊಂಡೆ. ಸೀಳಿದ ಬಿಲ್ಲೆಯ ಹುಡುಗಿ ಅದನ್ನು ಆಗಲೇ ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಿದ್ದಳು.

ಮೂರು ಕೆಲಸ ಕೊಟ್ಟೆ. ಒಂದು, ಆಟದ ಅಂಕ ಎಣಿಸುವುದು: ಎಲ್ಲ ಬಿಲ್ಲೆಗಳೂ ಸಾಕಾದವು. ಎರಡು, ಲಗೋರಿಯಂತೆ ಏಳನ್ನೂ ಪೇರಿಸುವುದು: ಡೊಂಕಾದವು ಜಾರಿ ಬಿದ್ದವು, ಕಪ್ಪು ಕಲೆಯವು ಗಟ್ಟಿಯಾಗಿ ನಿಂತವು. ಮೂರು, ಚೀಲಕ್ಕೆ ಹಾಕಿ ನೋಡದೆ ಒಂದನ್ನು ಎತ್ತುವುದು. ಆ ಹುಡುಗಿ ಮೂರು ಸಲವೂ ತನ್ನದನ್ನೇ ಎತ್ತಿದಳು. “ಹೇಗೆ?” ಎಂದೆ. “ಸೀಳು ಬೆರಳಿಗೆ ಸಿಗುತ್ತೆ ಮಿಸ್. ಆದ್ರೆ ಇದು ಮೋಸ ಆಗುತ್ತಲ್ವಾ?” ಎಂದಳು. ಪ್ರತಿ ಬಿಲ್ಲೆಗೂ ಸಮಾನ ಅವಕಾಶವಿರಬೇಕು ಎಂಬ ಸಂಭವನೀಯತೆಯ ಷರತ್ತನ್ನು ತರಗತಿ ಅವಳ ಬಾಯಿಂದಲೇ ಕೇಳಿತು.

ಮೌಲ್ಯಮಾಪನ

ಅಂಕದ ಪಟ್ಟಿಯಲ್ಲಿ ‘ಅಂದ’ ಎಂಬ ಕಲಮಿನ ಬದಲು ‘ಈ ಬಿಲ್ಲೆ ಯಾವ ಕೆಲಸಕ್ಕೆ ಆದೀತು? ಯಾವುದಕ್ಕೆ ಆಗದು? ಕಾರಣವೇನು?’ ಎಂದು ಬರೆಸಿದೆವು. ಮಾರ್ಗದರ್ಶಕರೂ ಒಪ್ಪಿದರು. ಕಪ್ಪು ಕಲೆ ಮೂರು ಕೆಲಸಗಳಲ್ಲೂ ದೋಷವಾಗಲಿಲ್ಲ. ಸೀಳು ಒಂದರಲ್ಲಿ ಮಾತ್ರ ದೋಷವಾಯಿತು.

ಈ ಪಾಠ ಮಾಡುವ ಸಹಪಾಠಿಗಳಿಗೆ ಎರಡು ಸಲಹೆ: ತೂಕವನ್ನು ಮಣ್ಣು ಹಸಿಯಾಗಿರುವಾಗಲೇ ತೆಗೆದುಕೊಳ್ಳಿ, ಆಗ ಮೊತ್ತ ತಾಳೆಯಾಗುತ್ತದೆ. ಸೀಳಿದ ಬಿಲ್ಲೆಗಳನ್ನು ಎಸೆಯಬೇಡಿ; ಮೂರನೇ ಚಟುವಟಿಕೆ ನಡೆಯುವುದೇ ಅವುಗಳಿಂದ.