ಎರೆನೆಲದ ಮೇಲೆ ಬಡವರ ಮನೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಬಡವರ ಮನೆಗಳ ಕಟ್ಟಡ ಕಾರ್ಯವನ್ನು ನೋಡಿಕೊಳ್ಳುವ ಕಿರಿಯ ಅಭಿಯಂತನಾಗಿ ಉದ್ಯೋಗಕಾಲದ ಬಹುಭಾಗವನ್ನು ಕಳೆದ ನನಗೆ, ಮನೆಯಿಲ್ಲದವನಿಗೆ ಮನೆಯಾಗದಿರುವುದರ ಕಾರಣವು ಗೋಡೆ ಛಾವಣಿಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅವನ ಕಾಲಕೆಳಗಿನ ನೆಲದಲ್ಲಿಯೇ ಇದೆಯೆಂಬ ನಂಬಿಕೆ ದೃಢವಾಗಿದೆ. ನೆಲವೆಂದರೆ ಇಲ್ಲಿ ಅದರ ಕಾಗದವೂ ಹೌದು, ಅದರ ಮಣ್ಣೂ ಹೌದು.

ಯೋಜನೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1991-92ರಲ್ಲಿ ಆಶ್ರಯ ಯೋಜನೆ ಬಂದಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪಿತವಾಯಿತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ, ಸ್ವಂತ ಜಾಗದಲ್ಲಿ ತಾನೇ ಮನೆ ಕಟ್ಟಿಕೊಳ್ಳುವವನಿಗೆ ಕೇಂದ್ರದಿಂದ ಒಂದೂವರೆ ಲಕ್ಷ ರೂಪಾಯಿ ನಿಗದಿಯಾಯಿತು. ಆದರೆ ಇಂತಹ ಸಹಾಯಧನ ಕೈಸೇರಬೇಕಾದರೆ ಮೊದಲು ಬೇಕಾದುದು ಜಾಗದ ಹಕ್ಕಿನ ದಾಖಲೆಯಾದ ಉತಾರ. ಊರ ನಡುವಿನ ಹಳೆಯ ಓಣಿಗಳಲ್ಲಿ ಆ ಉತಾರವು ಎಂದೋ ತೀರಿಹೋದ ಅಜ್ಜನ ಹೆಸರಿನಲ್ಲಿದ್ದು, ಮೊಮ್ಮಕ್ಕಳು ಬಾಯಿಮಾತಿನಲ್ಲಿಯೇ ವಾಟ್ನಿ ಮಾಡಿಕೊಂಡು, ಒಬ್ಬನು ಸೊಲ್ಲಾಪುರದಲ್ಲಿ, ಇನ್ನೊಬ್ಬನು ಗೋವೆಯಲ್ಲಿ ದುಡಿಯುತ್ತಿರಲು, ಊರಿನಲ್ಲಿ ಉಳಿದವನು ಪತ್ರಾಸಿನ ಶೆಡ್ಡಿನಲ್ಲಿ ಬೇಸಗೆಯ ಬೇಗೆಯನ್ನು ಸಹಿಸುತ್ತ ಅವರ ಸಹಿಗಾಗಿ ಕಾಯುತ್ತಿರುತ್ತಾನೆ. ಜಾತ್ರೆಗೆ ಅಣ್ಣತಮ್ಮಂದಿರೆಲ್ಲರೂ ಊರಿಗೆ ಬಂದ ದಿನಗಳಲ್ಲಿ ಭೂಮಾಪಕನೂ ಕರವಸೂಲಿಗಾರನೂ ಓಣಿಯ ಗುಡಿಯ ಕಟ್ಟೆಗೇ ಬಂದು ಕುಳಿತರೆ, ವರ್ಷಗಟ್ಟಲೆ ಕಚೇರಿಯಲ್ಲಿ ಬಗೆಹರಿಯದುದು ಅಲ್ಲಿಯೇ ಬಗೆಹರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾಂಡಾಗಳ ವಿಷಯವೂ ಇದಕ್ಕೆ ಹತ್ತಿರವಾದುದೇ. ತಲೆಮಾರುಗಳಿಂದ ವಾಸವಾಗಿದ್ದರೂ ನೆಲದ ಹಕ್ಕಿಲ್ಲದಿದ್ದ ಲಂಬಾಣಿ ಕುಟುಂಬಗಳಿಗಾಗಿ ಭೂಕಾನೂನನ್ನೇ ತಿದ್ದಬೇಕಾಯಿತು. ತರುವಾಯ 2023ರ ಜನವರಿ 19ರಂದು ಮಳಖೇಡದಲ್ಲಿ, ವಿಜಯಪುರವೂ ಸೇರಿದಂತೆ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಆ ಒಂದು ಹಾಳೆ ಕೈಗೆ ಬರುವವರೆಗೆ ಯಾವ ಯೋಜನೆಯ ಬಾಗಿಲೂ ಅವರಿಗೆ ಸಲೀಸಾಗಿ ತೆರೆದಿರಲಿಲ್ಲ.

ಇನ್ನು ಮಣ್ಣಿನ ಮಾತು. ಡೋಣಿ ನದಿಯ ಬಯಲಿನ ಎರೆಮಣ್ಣು ಬಿಳಿಜೋಳಕ್ಕೆ ಎಷ್ಟು ಹಿತವೋ ಮನೆಗೆ ಅಷ್ಟೇ ಅಹಿತ. ಬೇಸಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರಿಯುವ ಈ ನೆಲವು ಮಳೆ ಬಿದ್ದೊಡನೆ ಉಬ್ಬಿ ಗೋಡೆಯನ್ನು ಮೇಲೆತ್ತುತ್ತದೆ. ಒಣಗಿದಾಗ ಮತ್ತೆ ಕುಸಿಯುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಹೊರಡುತ್ತದೆ. ಅದನ್ನರಿತ ಗೌಂಡಿಯು ಗಟ್ಟಿಯಾದ ಗರಸು ಸಿಗುವವರೆಗೆ ಅಗೆಯಿರೆಂದು ಹೇಳುತ್ತಾನೆ. ಹಾಗೆ ಅಗೆದು, ಎರೆಯನ್ನು ಹೊರಹಾಕಿ, ಗರಸು ತುಂಬಿ ದಿಮ್ಮಸು ಹೊಡೆಯುವಷ್ಟರಲ್ಲಿ ಬಡವನ ಕೈಗಡವೆಲ್ಲ ಮುಗಿದಿರುತ್ತದೆ. ಸಹಾಯಧನದ ಕಂತುಗಳಾದರೋ ತಳಪಾಯ, ಲಿಂಟಲ್, ಛಾವಣಿ, ಪೂರ್ಣವೆಂಬ ನಾಲ್ಕು ಹಂತಗಳಲ್ಲಿ, ಆಯಾ ಹಂತ ಮುಗಿದು ಛಾಯಾಚಿತ್ರ ತೆಗೆದ ಮೇಲೆ ಬರತಕ್ಕವು. ಸಿಂದಗಿಯಲ್ಲಿ ವಿಧವೆಯೊಬ್ಬಳು ತನ್ನ ಅಗೆದ ಕುಣಿಯ ಪಕ್ಕದಲ್ಲಿ ನಿಂತು, “ಬುನಾದಿ ಆದಮ್ಯಾಲ ರೊಕ್ಕ ಕೊಡ್ತೀವಿ ಅಂತೀರಿ ಸಾಹೇಬ್ರ, ಬುನಾದಿಗೇ ರೊಕ್ಕ ಎಲ್ಲಿಂದ ತರ್ಲಿ ಯಪ್ಪಾ?” ಎಂದು ಕೇಳಿದ ಪ್ರಶ್ನೆಗೆ ಸಮನಾದ ಆಕ್ಷೇಪಣೆಯನ್ನು ಯಾವ ಲೆಕ್ಕಪರಿಶೋಧಕನೂ ಎತ್ತಿದುದನ್ನು ನಾನು ಕಾಣೆ.

ಇದಕ್ಕೆ ಉಪಾಯವಿಲ್ಲವೆಂದಲ್ಲ. ಇಂತಹ ಮಣ್ಣಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬಹುಕಾಲದ ಹಿಂದೆಯೇ, ತುದಿಯಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳ ತಳಪಾಯವನ್ನು ರೂಪಿಸಿತು. ಋತುಮಾನಕ್ಕೆ ತಕ್ಕಂತೆ ತೇವ ಬದಲಾಗದ, ಸುಮಾರು ಮೂರೂವರೆ ಮೀಟರು ಆಳದಲ್ಲಿ ಆ ಗಡ್ಡೆ ಊರಿಕೊಳ್ಳುವುದರಿಂದ ಮೇಲಿನ ಮಣ್ಣು ಉಬ್ಬಿದರೂ ಮನೆ ಅಲುಗದು. ಅದಕ್ಕೆ ಬೇಕಾದುದು ಆಳುಗಳು ಕೈಯಿಂದಲೇ ತಿರುಗಿಸಬಹುದಾದ ಬೈರಿಗೆ. ಒಂದೇ ಮನೆಗಾಗಿ ಅದನ್ನು ಯಾರೂ ಕೊಳ್ಳಲಾರರು, ಊರಿಗೊಂದನ್ನು ಪುರಸಭೆ ಕೊಂಡಿಡಬಹುದು. ಮೇಲಿನ ಗೋಡೆಗೆ ತಾಳಿಕೋಟೆಯ ಕಲ್ಲು ಹತ್ತಿರದಲ್ಲಿಯೇ ಇದೆ. ನಿವೇಶನ ಹಂಚುವ ಮುನ್ನವೇ ಬಡಾವಣೆಯ ಎಲ್ಲ ಮನೆಗಳ ತಳಪಾಯವನ್ನು ಸಾರ್ವಜನಿಕ ವೆಚ್ಚದಲ್ಲಿ ಒಟ್ಟಿಗೆ ಹಾಕಿಸಿಬಿಟ್ಟರೆ ಖರ್ಚೂ ತಗ್ಗುತ್ತದೆ, ಫಲಾನುಭವಿಯು ಸಾಲಗಾರನ ಮನೆಗೆ ಹೋಗುವುದೂ ತಪ್ಪುತ್ತದೆ. ರಸ್ತೆ ಚರಂಡಿಗಳನ್ನು ಊರು ಮಾಡಿಕೊಡುವುದಾದರೆ, ನೆಲದೊಳಗಿನ ಈ ಕೆಲಸವನ್ನು ಮಾತ್ರ ಬಡವನ ಪಾಲಿಗೆ ಬಿಡುವುದು ಯಾವ ನ್ಯಾಯ?

ಕಾಲದ ವಿಚಾರವೊಂದು ಉಳಿಯಿತು. ಇಂಡಿ ಸಿಂದಗಿಗಳ ತಾಂಡಾ, ಕೇರಿಗಳಿಂದ ದಸರೆ ದೀಪಾವಳಿಗಳ ಹೊತ್ತಿಗೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವವರು ಮರಳುವುದು ಯುಗಾದಿಯ ಆಸುಪಾಸಿನಲ್ಲಿ. ಅವರ ಕೈಯಲ್ಲಿ ನಾಲ್ಕು ಕಾಸು ಇರುವುದೂ, ಎರೆನೆಲ ಒಣಗಿ ಅಗೆಯಲು ಅನುಕೂಲವಾಗುವುದೂ ಆಗಲೇ. ಕಾಮಗಾರಿ ಆದೇಶವು ಆಷಾಢದ ಮಳೆಯಲ್ಲಿ ಹೊರಟು, ಗಡುವಿನ ನೋಟಿಸು ಅವರು ಊರಲ್ಲಿಲ್ಲದಾಗ ಬೀಗಹಾಕಿದ ಶೆಡ್ಡಿನ ಬಾಗಿಲಿಗೆ ಅಂಟಿದರೆ ಮಂಜೂರಾದ ಮನೆಯೂ ಕೈತಪ್ಪುತ್ತದೆ. ಈ ನಾಲ್ಕು ಊರುಗಳ ಮಟ್ಟಿಗಾದರೂ ಆದೇಶವು ಯುಗಾದಿಗೆ ಮುಂಚೆ ಹೊರಡಬೇಕು, ಮೊದಲ ಕಂತು ಅದರೊಡನೆಯೇ ಹೋಗಬೇಕು.